ಸ್ಟೇಷನ್ನಿನ ಇವತ್ತಿನ ದಾರಿ

ರಾಯದುರ್ಗದ ರೈಲು ನಿಲ್ದಾಣವನ್ನು ಒಡೆದು ಹೊಸದಾಗಿ ಕಟ್ಟುವ ಕೆಲಸ ಶುರುವಾದಾಗ ಗುತ್ತಿಗೆದಾರರ ಸೈಟ್ ಆಫೀಸಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ನನ್ನ ತವರು ಮಡಕಶಿರದ ಹತ್ತಿರದ ಹಳ್ಳಿ, ಗಂಡನ ಮನೆ ರಾಯದುರ್ಗ. ಮದುವೆಗೆ ಮುಂಚೆ ಸಿವಿಲ್ ಡಿಪ್ಲೊಮಾ ಮುಗಿಸಿದ್ದೆ. ಆಮೇಲೆ ಮಕ್ಕಳಾದವು, ಓದಿದ್ದೆಲ್ಲ ಮೂಲೆಗೆ ಬಿತ್ತು. ನನ್ನ ಗಂಡ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಅವರೇ ಒಂದು ದಿನ ಊಟಕ್ಕೆ ಬಂದವರು, "ಸ್ಟೇಷನ್ ಕೆಲಸಕ್ಕ ಡಿಪ್ಲೊಮಾ ಆದೋರು ಬೇಕಂತ. ಹೋಗಿ ಕೇಳಿ ಬಾ, ಹೋಗೋದ್ರಾಗ ಏನೈತಿ" ಅಂದರು. ನಾನು ಹೋಗಿ ಕೇಳಿದೆ. ಮರುದಿನವೇ ಬನ್ನಿ ಅಂದರು.

ದೊಡ್ಡ ನಗರಗಳ ಜಂಕ್ಷನ್ ನೋಡಿದವರಿಗೆ ನಮ್ಮದು ಸಣ್ಣ ನಿಲ್ದಾಣ ಅನ್ನಿಸಬಹುದು. ಆದರೆ ನಮ್ಮೂರಲ್ಲಿ ಅಷ್ಟು ದೊಡ್ಡ ಕೆಲಸವನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ನನ್ನ ಕೈಗೊಂದು ಟ್ಯಾಬ್ ಕೊಟ್ಟರು. ಇಡೀ ನಿಲ್ದಾಣ ಅದರೊಳಗಿತ್ತು. ಇನ್ನೂ ನೆಲ ಬಿಟ್ಟು ಮೇಲೇಳದ ಕಟ್ಟಡದ ಒಳಗೆ ಬೆರಳಿನಲ್ಲೇ ಓಡಾಡಬಹುದಿತ್ತು. ಇಲ್ಲಿ ಟಿಕೆಟ್ ಕಿಟಕಿ, ಇಲ್ಲಿ ಲಿಫ್ಟು, ಇಲ್ಲಿ ಹೆಂಗಸರ ಕೋಣೆ. ಬೆಳಿಗ್ಗೆ ಸೈಟನ್ನು ಒಂದು ಸುತ್ತು ಹಾಕಿ, ಆದ ಕೆಲಸದ ಫೋಟೊ ತೆಗೆದು, ನಕ್ಷೆಯಲ್ಲಿ ಆಯಾ ಜಾಗಕ್ಕೆ ಸೇರಿಸುವುದು ನನ್ನ ಕೆಲಸ. ಚಾವಣಿಗೆ ಬಂದ ಉಕ್ಕಿನ ಕಂಬಗಳ ಮೇಲೆಲ್ಲ ಕ್ಯೂಆರ್ ಚೀಟಿ ಅಂಟಿಸಿದ್ದರು. ಅದಕ್ಕೆ ಕ್ಯಾಮೆರಾ ಹಿಡಿದರೆ ಆ ಕಂಬ ಎಲ್ಲಿ ನಿಲ್ಲಬೇಕು, ಅದರ ಬೋಲ್ಟುಗಳನ್ನು ಬಿಗಿ ಮಾಡಿ ನೋಡಿದವರು ಯಾರು ಅನ್ನುವುದೆಲ್ಲ ಬರುತ್ತಿತ್ತು. ಮೊದಮೊದಲು ಟ್ಯಾಬನ್ನು ಹಸುಗೂಸಿನ ಹಾಗೆ ಎದೆಗೆ ಅಪ್ಪಿಕೊಂಡು ಓಡಾಡುತ್ತಿದ್ದೆ. ಎಲ್ಲಿ ಬಿದ್ದು ಒಡೆಯುತ್ತದೋ ಅನ್ನುವ ಭಯ.

ಕೆಲಸ ನಡೆಯುತ್ತಿದೆ ಅಂತ ರೈಲುಗಳು ನಿಲ್ಲುವುದಿಲ್ಲವಲ್ಲ. ಒಂದು ಕಡೆ ಒಡೆಯುತ್ತ, ಇನ್ನೊಂದು ಕಡೆ ಕಟ್ಟುತ್ತ, ನಡುವೆ ಜನ ಓಡಾಡಲು ದಾರಿ ಬಿಡುತ್ತ ಹೋಗಬೇಕಿತ್ತು. ಆ ದಾರಿಯ ಎರಡೂ ಬದಿಗೆ ತಗಡಿನ ಶೀಟು ನಿಲ್ಲಿಸುತ್ತಿದ್ದೆವು. ಕೆಲಸ ಸರಿದ ಹಾಗೆ ಶೀಟುಗಳೂ ಸರಿಯುತ್ತಿದ್ದವು. ನಿನ್ನೆ ಬಂದ ದಾರಿಯಲ್ಲಿ ಇವತ್ತು ಹೋಗುವಂತಿರಲಿಲ್ಲ. ಬಟ್ಟೆ ಗಂಟು ಹೊತ್ತು ಬಳ್ಳಾರಿಗೆ ಹೋಗುವ ಹೊಲಿಗೆಯ ಹೆಂಗಸರು ದಿನಾ ನಮ್ಮನ್ನು ಬೈದುಕೊಂಡೇ ಹೋಗುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಅವರನ್ನು ಮೊದಲ ಸಲ ನೋಡಿದೆ. ಐವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಚೀಲ, ಕೈಯಲ್ಲಿ ಬಿಳಿ ಕೋಲು. ಹಿಂದಿನ ಸಂಜೆ ಹೊಸದಾಗಿ ನಿಲ್ಲಿಸಿದ್ದ ತಗಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಜನ ಅವರ ಪಕ್ಕದಲ್ಲೇ ಹಾದು ಹೋಗುತ್ತಿದ್ದರು.

"ಏನ್ರಿ ಇದು? ನಿನ್ನೆ ಇಲ್ಲಿ ಏನೂ ಇದ್ದಿಲ್ಲಲ್ರಿ" ಅಂದರು, ಯಾರಿಗೆ ಅಂತಿಲ್ಲದೆ.

ನಾನು ಓಡಿ ಹೋಗಿ, "ದಾರಿ ಆ ಕಡೆಗೆ ಮಾಡಿದೀವಿ ಸಾರ್, ನೋಡಿ, ಇಲ್ಲಿಂದ ಹಿಂಗೆ ಬಂದು..." ಅನ್ನುತ್ತ ಟ್ಯಾಬಿನಲ್ಲಿದ್ದ ನಕ್ಷೆಯನ್ನು ಅವರ ಮುಖದ ಮುಂದೆ ಹಿಡಿದೆ. ಹಿಡಿದ ಮೇಲೆ ತಿಳಿಯಿತು ಏನು ಮಾಡುತ್ತಿದ್ದೇನೆ ಅಂತ. ನಾಲಿಗೆ ಕಚ್ಚಿಕೊಂಡೆ.

ಅವರು ನಕ್ಕರು. "ತೋರಿಸ್ರಿ, ತೋರಿಸ್ರಿ. ಮುಚ್ಚಿಡಬ್ಯಾಡ್ರಿ" ಅಂದರು. ನಾನು ಅವರ ಮಣಿಕಟ್ಟು ಹಿಡಿದು ಕರೆದುಕೊಂಡು ಹೊರಟಾಗ ಮಾತ್ರ ನಿಂತುಬಿಟ್ಟರು. "ಎಳೀಬ್ಯಾಡ್ರಿ. ನೀವು ನಿಮ್ಮ ಪಾಡಿಗೆ ನಡೀರಿ. ನಾನೇ ನಿಮ್ಮ ಮೊಣಕೈ ಹಿಡಕೊಂಡು ಬರ್ತೀನಿ."

ಹಾಗೆ ನಡೆಯುತ್ತ ಮಾತಾಯಿತು. ಅವರು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾರೆ. ವರ್ಷಗಟ್ಟಲೆ ಒಂದೇ ದಾರಿ. ಗೇಟಿನಿಂದ ಇಷ್ಟು ದೂರಕ್ಕೆ ಒಂದು ಇಳಿಜಾರು, ಅದಾದ ಮೇಲೆ ನೀರಿನ ನಲ್ಲಿ, ನಲ್ಲಿಯಿಂದ ಮುಂದೆ ಕಲ್ಲಿನ ಬೆಂಚು. ಮನೆಯೊಳಗೆ ಓಡಾಡಿದ ಹಾಗೆ ಓಡಾಡಿಕೊಂಡಿದ್ದವರು. ಈಗ ಆ ನಲ್ಲಿಯೂ ಇಲ್ಲ, ಬೆಂಚೂ ಇಲ್ಲ.

"ಹೊಸಾದು ಕಟ್ಟಬ್ಯಾಡ್ರಿ ಅನ್ನೋದಿಲ್ಲ ನಾನು. ಕಟ್ಟ್ರಿ, ಚಲೋ ಆಗ್ಲಿ. ಆದ್ರ ನೀವು ದಿನಾ ಗ್ವಾಡಿ ಸರಿಸಿದ್ರ ನಾನು ದಿನಾ ಹೊಸಾ ಊರಿಗೆ ಬಂದಂಗ ಆಗ್ತೈತಿ" ಅಂದರು.

ರೈಲು ಹತ್ತುವ ಮುಂಚೆ ತಮ್ಮ ಫೋನು ತೆಗೆದರು. ಪರದೆಯ ಮೇಲೆ ಬೆರಳಾಡಿಸಿದಂತೆಲ್ಲ ಅದು ಗಡಿಬಿಡಿಯಲ್ಲಿ ಮಾತಾಡುತ್ತಿತ್ತು. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ನನ್ನ ನಂಬರ್ ಕೇಳಿ ಫೋನಿಗೆ ಹಾಕಿಕೊಂಡರು. "ಒಂದು ಉಪಕಾರ ಮಾಡ್ರಿ ಮೇಡಂ. ದಾರಿ ಬದಲು ಮಾಡಿದ ದಿನ ವಾಟ್ಸಾಪಿನ್ಯಾಗ ಒಂದು ವಾಯ್ಸ್ ಹಾಕಿಬಿಡ್ರಿ. ಹೆಂಗ ಬರಬೇಕು ಅಂತ ಹೇಳಿಬಿಟ್ರ ಸಾಕು, ಬಂದುಬಿಡ್ತೀನಿ."

ಅದೇನು ದೊಡ್ಡ ಕೆಲಸ ಅಂದುಕೊಂಡೆ. ಮರುದಿನವೇ ಒಂದು ವಾಯ್ಸ್ ಹಾಕಿದೆ. "ಸಾರ್, ಗೇಟಿಂದ ಒಳಗೆ ಬಂದ್ರೆ ನೀಲಿ ಶೀಟು ಕಾಣುತ್ತೆ, ಅಲ್ಲಿ ಎಡಕ್ಕೆ ತಿರುಗಿ, ಸ್ವಲ್ಪ ಮುಂದೆ ಹೋದ್ರೆ ಬಾಣದ ಗುರುತು ಐತೆ, ಅದರ ಪ್ರಕಾರ ಬನ್ನಿ." ಕಳಿಸಿ ನಿಶ್ಚಿಂತೆಯಾಗಿ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿದರು. ಬೇಜಾರಿಲ್ಲದೆ, ಮಗುವಿಗೆ ಹೇಳುವ ಹಾಗೆ ಹೇಳಿದರು. "ತಂಗಿ, ಶೀಟು ನೀಲಿ ಅದಾವೋ ಕೆಂಪು ಅದಾವೋ, ನನಗ ಎರಡೂ ಒಂದ. ಬಾಣ ತೋರಿಸಿದ್ದು ನನಗ ಮುಟ್ಟಾಂಗಿಲ್ಲ. ನೀವು ಕಾಲಿಗೆ ಏನು ಸಿಗ್ತೈತಿ, ಕಿವಿಗೆ ಏನು ಸಿಗ್ತೈತಿ, ಅದನ್ನ ಹೇಳ್ರಿ."

'ಮೇಡಂ' ಹೋಗಿ 'ತಂಗಿ' ಆದದ್ದು ಆಗಲೇ. ಬೈಯಬೇಕಾದ ಜಾಗದಲ್ಲಿ ಅವರು ಹತ್ತಿರಕ್ಕೆ ಕರೆದುಕೊಂಡರು.

ಆ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸೈಟು ತಣ್ಣಗಿದ್ದಾಗ ನಾನು ಗೇಟಿನ ಹತ್ತಿರ ಹೋಗಿ ಕಣ್ಣು ಮುಚ್ಚಿಕೊಂಡು ನಡೆದೆ. ಮೊದಲ ಹೆಜ್ಜೆಗಳಲ್ಲೇ ಎರಡೂ ಕೈ ಮುಂದೆ ಚಾಚಿದೆ. ದಿನಾ ಓಡಾಡುವ ಜಾಗ ಒಮ್ಮೆಗೇ ಅಷ್ಟು ಅಗಲವಾಗಿಬಿಟ್ಟಿತು. ಬುತ್ತಿ ಬಿಚ್ಚಿಕೊಂಡು ಕೂತಿದ್ದ ಕೂಲಿ ಹೆಂಗಸರು ನಗತೊಡಗಿದರು. ಅವರಲ್ಲೊಬ್ಬಳು, "ಮೇಡಮ್ಮಗ ಬಿಸಲು ತಲಿಗೇರೈತಿ" ಅಂದಳು. ನಾನೂ ನಕ್ಕೆ, ಆದರೆ ಕಣ್ಣು ತೆರೆಯಲಿಲ್ಲ. ಕಾಂಕ್ರೀಟು ಮುಗಿದು ಜಲ್ಲಿ ಶುರುವಾಗುವುದು ಚಪ್ಪಲಿಗೆ ತಿಳಿಯಿತು. ಬಲಗಡೆಯ ಜನರೇಟರಿನ ಸದ್ದು ಕೆನ್ನೆಗೆ ಬಡಿದ ಹಾಗಾಯಿತು. ಅದು ಬೆನ್ನ ಹಿಂದೆ ಬಿದ್ದ ಮೇಲೆ ಚಹಾ ಅಂಗಡಿಯ ಶುಂಠಿ ವಾಸನೆ. ಅಲ್ಲಿಂದ ನೆಲ ಮೆಲ್ಲಗೆ ಏರುತ್ತದೆ. ನಕ್ಷೆಯಲ್ಲಿ ಅಷ್ಟು ಸಲ ನೋಡಿದ್ದರೂ ಆ ಏರು ಅಲ್ಲಿದೆ ಅಂತ ನನ್ನ ಕಾಲಿಗೆ ಗೊತ್ತಿರಲಿಲ್ಲ.

ಅವತ್ತು ಕಳಿಸಿದ ವಾಯ್ಸಿಗೆ ಅವರಿಂದ ಒಂದೇ ಮಾತಿನ ಉತ್ತರ ಬಂತು. "ಈಗ ಕಾಣ್ತು ನೋಡ್ರಿ."

ಅದಾದ ಮೇಲೆ ಪ್ರತಿದಿನ ಹೇಳುವುದು ರೂಢಿಯಾಯಿತು. ಬೆಳಗಿನ ರೈಲಿಗೆ ಮುಂಚೆ ಒಂದು, ದಾರಿ ಬದಲಾದರೆ ಸಂಜೆ ಇನ್ನೊಂದು. ಪ್ಲಾಟ್‌ಫಾರಂ ಹತ್ತಿರ ಬುಟ್ಟಿ ಇಟ್ಟುಕೊಂಡು ಹುರಿದ ಶೇಂಗಾ ಮಾರುವ ಮುದುಕಿಯೊಬ್ಬಳಿದ್ದಳು, ಗುಮ್ಮಘಟ್ಟದ ಕಡೆಯವಳು. ದಿನಾ ಷೇರ್ ಆಟೋದಲ್ಲಿ ಬರುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತು ಫೋನಿಗೆ ಮಾತಾಡುವುದನ್ನು ಕೆಲವು ದಿನ ನೋಡಿದವಳು ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ಯಾರಿಗವ್ವಾ ದಿನಾ ದಾರಿ ಹೇಳ್ತೀ?"

ಹೇಳಿದೆ. ಮುದುಕಿ ಸೆರಗಿನ ಗಂಟಿನಿಂದ ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದಳು. "ನನಗೂ ಹಾಕು. ನನಗೂ ಓದಾಕ ಬರಂಗಿಲ್ಲ. ಬೋರ್ಡ್ ಬರದ್ರ ನನಗೇನು ಬಂತು? ಬುಟ್ಟಿ ಹೊತಗೊಂಡು ಎಲ್ಲೆಲ್ಲೋ ಸುತ್ತಿ ಬರ್ತೀನಿ."

ಹೊಲಿಗೆಯ ಹೆಂಗಸರು ಬಂದು ಸೇರಿದ್ದು ಅವಳಿಂದ. ಆಮೇಲೆ ಮೊಣಕಾಲು ನೋವಿನವರು, ಮಕ್ಕಳನ್ನು ಎತ್ತಿಕೊಂಡು ಬರುವವರು, ಗಾಡಿ ನಿಲ್ಲಿಸುವ ಜಾಗ ಹುಡುಕುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸುವುದು ಆಗದೆ ಒಂದು ಗುಂಪು ಮಾಡಿದೆ. ಹೆಸರು 'ಇವತ್ತಿನ ದಾರಿ'. ಗೇಟಿಗೆ ಒಂದು ಕ್ಯೂಆರ್ ಚೀಟಿಯನ್ನೂ ಅಂಟಿಸಿದೆ. ಹೊಸಬರು ಅದಕ್ಕೆ ಫೋನು ಹಿಡಿದರೆ ಆ ದಿನದ ವಾಯ್ಸ್ ಕೇಳುತ್ತಿತ್ತು. ಬಹಳ ಜನಕ್ಕೆ ಅದನ್ನು ಹೇಗೆ ಹಿಡಿಯಬೇಕೆಂದು ಗೊತ್ತಿರಲಿಲ್ಲ. ಶೇಂಗಾ ಮುದುಕಿ ತನ್ನ ಬುಟ್ಟಿಯನ್ನು ಆ ಚೀಟಿಯ ಕೆಳಗೇ ಇಟ್ಟುಕೊಂಡು, ಬಂದವರ ಫೋನು ಇಸಿದುಕೊಂಡು ಹಿಡಿದು ಕೇಳಿಸುತ್ತಿದ್ದಳು. "ಹಿಂಗ ಹಿಡೀರಿ, ಮಾತಾಡ್ತೈತಿ" ಅನ್ನುವಾಗ ಅವಳ ದನಿಯಲ್ಲಿ ಒಂದು ಗತ್ತಿರುತ್ತಿತ್ತು. ವ್ಯಾಪಾರವೂ ಜಾಸ್ತಿಯಾಯಿತು ಅಂತ ಕಾಣುತ್ತದೆ.

ನಮ್ಮ ಸೈಟ್ ಎಂಜಿನಿಯರ್ ಅನಂತಪುರದ ಕಡೆಯ ಹಿರಿಯರು. ಮನೆಮಾತು ತೆಲುಗು, ನಮ್ಮ ಜೊತೆ ಅರ್ಧ ಅದು ಅರ್ಧ ಇದು ಬೆರೆಸಿ ಮಾತಾಡುವವರು. ಗುಂಪಿನ ವಿಷಯ ಕಿವಿಗೆ ಬಿದ್ದಾಗ ನನ್ನನ್ನು ಕರೆಸಿದರು. "ಇದೆಂದುಕಮ್ಮಾ ಮನಕಿ? ನಮಗ್ಯಾಕೆ ಇದು? ನೀನು ಒಂದು ಹೇಳಿ, ಅಲ್ಲಿ ಇನ್ನೊಂದು ಇದ್ದು, ಯಾರಾದ್ರೂ ಬಿದ್ದರೆ?" ಅಂದರು. ಅವರ ಭಯ ಸುಳ್ಳಲ್ಲ. ಸೈಟಿನಲ್ಲಿ ಯಾರ ಕೈಗೆ ಗಾಯವಾದರೂ ರಾತ್ರಿ ಊಟ ಬಿಡುವ ಮನುಷ್ಯ ಅವರು. ನಾನು ಅವತ್ತಿನ ವಾಯ್ಸನ್ನೇ ಹಾಕಿ ಕೇಳಿಸಿದೆ. ಕೊನೆಯವರೆಗೂ ಕೇಳಿದರು. "ಇನ್ನೊಂದು ಸಲ ಹಾಕು" ಅಂದರು. ಆಮೇಲೆ ಹೇಳಿದರು: "ಸರೆ. ಪರ್ಲೇದು, ನಡೀಲಿ. ಆದರೆ ನಾನು ಹೂಂ ಅಂದ ಮೇಲೆ ಹೇಳಬೇಕು. ನೀನೂ ನಡೆದು ನೋಡಿದ ಮೇಲೆ ಹೇಳಬೇಕು." ಎರಡಕ್ಕೂ ಒಪ್ಪಿದೆ. ರೈಲ್ವೆಯವರ ಹತ್ತಿರವೂ ಅವರೇ ಮಾತಾಡಿ ಒಪ್ಪಿಗೆ ತಂದರು.

ಮಳೆಗಾಲ ಬಂತು. ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಅಂತ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ಹೊರಡುವ ಹಿಂದಿನ ದಿನ ಹೊಸ ಒಂದನೇ ಪ್ಲಾಟ್‌ಫಾರಂಗೆ ಏರುವ ತಾತ್ಕಾಲಿಕ ದಾರಿಯನ್ನೆಲ್ಲ ನಡೆದು ನೋಡಿ, ಎರಡು ದಿನ ಇದೇ ದಾರಿ ಇರುತ್ತದೆ ಅಂತ ಗುಂಪಿಗೆ ಹೇಳಿದ್ದೆ.

ನಮ್ಮ ಹಳ್ಳಿ ಮಡಕಶಿರದ ಬೆಟ್ಟದ ಮಗ್ಗುಲಲ್ಲಿದೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಾಳಿಗೆ ಹತ್ತಬೇಕು. ಶಾಸ್ತ್ರ ಮುಗಿದು ಸಂಜೆ ಹೆಂಗಸರು ತೊಟ್ಟಿಲ ಸುತ್ತ ಕೂತು ಹಾಡುತ್ತಿದ್ದರು. ತಮ್ಮ ಬಾಡಿಗೆಗೆ ತಂದಿದ್ದ ಮೈಕ್ ಸೆಟ್ಟಿನಲ್ಲಿ ಅದು ಊರಿಗೆಲ್ಲ ಕೇಳುತ್ತಿತ್ತು. ನಾನು ಒಣಹಾಕಿದ ಸೀರೆ ತರಲೆಂದು ಮಾಳಿಗೆ ಹತ್ತಿದೆ. ಸೊಂಟದಲ್ಲಿದ್ದ ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಎಂಜಿನಿಯರ್ ಎಷ್ಟೋ ಸಲ ಕರೆ ಮಾಡಿದ್ದರು. ಸೈಟಿನ ಗುಂಪಿನಲ್ಲಿ ಸಾಲು ಫೋಟೊ.

ಕರೆ ಮಾಡಿದೆ. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. "ಅಮ್ಮಾ, ಇಲ್ಲಿ ಜೋರು ವಾನ. ಏರುದಾರಿ ಪಕ್ಕ ಪೈಪಿಗೆ ತೋಡಿದ್ದೆವಲ್ಲ, ಆ ಮಣ್ಣು ಜಾರಿದೆ. ದಾರಿ ಮುಚ್ಚಿದೀನಿ, ಯಾರಿಗೂ ಏನೂ ಆಗಿಲ್ಲ. ಸಂಜೆ ರೈಲು ಒಂದನೇ ಪ್ಲಾಟ್‌ಫಾರಂಗೆ ಬರಲ್ಲ. ಎರಡಕ್ಕೆ ತಗೋತಾರೆ. ಜನಾನ ಗೂಡ್ಸ್ ಅಂಗಳದ ಕಡೆಯಿಂದ ಹೊರಗೆ ಕಳಿಸಬೇಕು."

"ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ತಾರಲ್ಲ ಸಾರ್?"

"ಸ್ಟೇಷನ್ನಲ್ಲಿ ಇರೋರಿಗೆ ಕೇಳುತ್ತೆ. ರೈಲಲ್ಲಿ ಬರೋರಿಗೆ? ನೀನು ಹೇಳು. ಗೂಡ್ಸ್ ಅಂಗಳದ ದಾರೀಲೂ ಮೊನ್ನೆ ನೀನು ನಡೆದಿದೀಯ."

ಅವರು ಫೋನಿಡುವಷ್ಟರಲ್ಲಿ ನನಗೆ ಹೊಳೆದದ್ದು ಬೇರೆಯೇ. ಬಳ್ಳಾರಿಯಿಂದ ಬರುವಾಗ ಒಂದನೇ ಪ್ಲಾಟ್‌ಫಾರಂ ಎಡಗಡೆ. ಎರಡನೆಯದು ಬಲಗಡೆ. ಆಪರೇಟರ್ ಅಣ್ಣ ರೈಲು ನಿಲ್ಲುವ ಮೊದಲೇ ಎಡಗಡೆಯ ಬಾಗಿಲಿಗೆ ಬಂದು ನಿಂತಿರುತ್ತಾರೆ, ನಿಂತ ಕೂಡಲೇ ಎಲ್ಲರಿಗಿಂತ ಮೊದಲು ಇಳಿಯುತ್ತಾರೆ. ಆಮೇಲೆ ಇಳಿದರೆ ನೂಕುನುಗ್ಗಲಿನಲ್ಲಿ ಕೋಲು ಆಡಿಸಲು ಆಗುವುದಿಲ್ಲ ಅಂತ ಅವರೇ ಒಮ್ಮೆ ಹೇಳಿದ್ದರು. ಇವತ್ತು ಎಡಗಡೆ ಇಳಿದರೆ ಪ್ಲಾಟ್‌ಫಾರಂ ಇಲ್ಲ, ಕೆಳಗೆ ಹಳಿ.

ಅವರಿಗೆ ಕರೆ ಮಾಡಿದೆ. ಸ್ವಿಚ್ಡ್ ಆಫ್. ಮತ್ತೆ ಮಾಡಿದೆ. ಅದೇ ಉತ್ತರ.

ಕೆಳಗೆ ಮೈಕಿನಲ್ಲಿ ಹಾಡು ಜೋರಾಗಿತ್ತು. ನಾನು ಮಾಳಿಗೆಯ ಅಂಚಿಗೆ ಬಂದು ಕೂಗಿದೆ, ಯಾರಿಗೂ ಕೇಳಲಿಲ್ಲ. ಅವ್ವ ಮಾತ್ರ ಮೇಲೆ ನೋಡಿದಳು. ನನ್ನ ಮುಖ ಹೇಗಿತ್ತೋ, ಏನು ಎತ್ತ ಅಂತ ಕೇಳಲಿಲ್ಲ. "ಏಯ್, ಆ ಮೈಕ್ ನಿಲ್ಸ್ರೋ ವಸಿ! ನನ್ನ ಮಗಳು ಅದೇನೋ ಮಾತಾಡಬೇಕಂತೆ" ಅಂದಳು. ತಮ್ಮ ಹೋಗಿ ಆರಿಸುವುದರೊಳಗೆ ಅವಳೇ ವೈರು ಕಿತ್ತಿದ್ದಳು.

ಫೋನನ್ನು ಬಾಯಿಗೆ ಹಿಡಿದೆ. ದಿನಾ ಮೊದಲು ದಾರಿ ಹೇಳಿ ಆಮೇಲೆ ಉಳಿದದ್ದು ಹೇಳುತ್ತಿದ್ದೆ. ಆ ದಿನ ತಿರುಗಿಸಿ ಹೇಳಿದೆ. "ಸಂಜೆ ರೈಲಲ್ಲಿ ಬರ್ತಿರೋರೆಲ್ಲ ಕೇಳಿ. ಇವತ್ತು ರೈಲು ಎರಡನೇ ಪ್ಲಾಟ್‌ಫಾರಂಗೆ ಬರುತ್ತೆ. ಬಲಗಡೆ ಬಾಗಿಲಲ್ಲಿ ಇಳೀಬೇಕು. ಎಡಗಡೆ ಇಳೀಬೇಡಿ, ಅಲ್ಲಿ ಪ್ಲಾಟ್‌ಫಾರಂ ಇಲ್ಲ. ಆಪರೇಟರ್ ಅಣ್ಣನ ಫೋನು ಆಫ್ ಆಗೈತೆ. ಅವರು ನಿಮ್ಮ ಡಬ್ಬೀಲಿ ಇದ್ರೆ ಅವರಿಗೆ ಹೇಳಿ. ಬಲಗಡೆ ಅಂತ ಹೇಳಿ." ಆಮೇಲೆ ಉಳಿದ ದಾರಿ ಹೇಳಿದೆ. ಇಳಿದು ರೈಲಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಗೂಡ್ಸ್ ಅಂಗಳ, ಒದ್ದೆ ಜಲ್ಲಿಯ ಮೇಲೆ ಬಲಕ್ಕೆ ನಡೆದರೆ ಕಾಲಿಗೆ ಮರದ ಹಲಗೆ ಸಿಗುತ್ತದೆ, ಅದು ಜಾರುತ್ತದೆ, ಪಕ್ಕದಲ್ಲಿ ಕಟ್ಟಿದ ಹಗ್ಗ ಹಿಡಿಯಿರಿ. ಹೇಳುತ್ತ ಹೇಳುತ್ತ ನಾನು ಆ ಮಾಳಿಗೆಯ ಮೇಲೆಯೇ ಹೆಜ್ಜೆ ಹಾಕುತ್ತಿದ್ದೆನಂತೆ. ಆಮೇಲೆ ಅವ್ವ ಹೇಳಿದಳು.

ಕಳಿಸಿದೆ. ಅದು ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ಶೇಂಗಾ ಮುದುಕಿಗೆ ಕರೆ ಮಾಡಿದೆ. ಅವಳು ಒಂದೇ ರಿಂಗಿಗೆ ಎತ್ತಿದಳು. "ಕೇಳಿಸ್ಕೊಂಡೆನವ್ವಾ. ನಾ ಗೂಡ್ಸ್ ಕಡೀಗೇ ಹೊಂಟೀನಿ. ನೀ ಅಂಜಬ್ಯಾಡ" ಅಂದಳು. ಎಂಜಿನಿಯರಿಗೂ ಹೇಳಿದೆ. ಅವರು ತಮ್ಮ ಜನರನ್ನು ಎರಡನೇ ಪ್ಲಾಟ್‌ಫಾರಂಗೆ ಓಡಿಸಿದರು, ಆದರೆ ಹಳಿಯ ಆ ಬದಿಯಲ್ಲಿ ಆಪರೇಟರ್ ಅಣ್ಣ ಯಾವ ಡಬ್ಬಿಯಿಂದ ಇಳಿಯುತ್ತಾರೋ ಹೇಗೆ ಗೊತ್ತಾಗಬೇಕು?

ನಾನು ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತೆ. ಅವ್ವ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕೂತಳು.

"ಯಾರಮ್ಮಿ ಅದು?"

"ಕಣ್ಣು ಕಾಣ್ಸದಿರೋ ಒಬ್ಬಣ್ಣ ಅವ್ರೆ ಕಣವ್ವ. ರೈಲಲ್ಲಿ ಬತ್ತಾ ಅವ್ರೆ."

"ಬತ್ತಾರೆ ಬಿಡು. ಅಷ್ಟು ಜನ ಇರ್ತಾರಲ್ಲ ರೈಲಲ್ಲಿ" ಅಂದಳು. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ವಾಯ್ಸ್ ಮುಗಿಸುವ ಮೊದಲೇ ಕೆಳಗೆ ಮೈಕಿಲ್ಲದೆ ಹಾಡು ಮತ್ತೆ ಶುರುವಾಗಿತ್ತು. ಬೆಟ್ಟದ ಮೇಲಿನ ಕೋಟೆಯ ಗೋಡೆಗೆ ಇಳಿಬಿಸಿಲು ಬಿದ್ದಿತ್ತು. ನಮ್ಮ ಕಡೆ ಒಂದು ಹನಿ ಮಳೆಯಿರಲಿಲ್ಲ.

ವಾಯ್ಸ್ ಕೇಳಿದವರ ಪಟ್ಟಿಗೆ ಹೆಸರುಗಳು ಒಂದೊಂದಾಗಿ ಸೇರುತ್ತ ಹೋದವು. ಯಾರೂ ಏನೂ ಬರೆಯಲಿಲ್ಲ. ರೈಲು ಬರುವ ಹೊತ್ತು ಬಂತು, ದಾಟಿತು. ಗುಂಪಿನಲ್ಲಿ ಮುದುಕಿಯ ಹೆಸರಿನಿಂದ ಒಂದು ವಾಯ್ಸ್ ಬಂದಾಗ ಒತ್ತಲು ಕೈ ಬರಲಿಲ್ಲ. ಅವ್ವನೇ ಒತ್ತಿದಳು. ಮೊದಲು ಮಳೆ, ಜನರ ಗಲಾಟೆ. ಅದರ ನಡುವೆ ಅವರ ದನಿ.

"ತಂಗಿ, ನಾನ್ರಿ. ಇಳಿದೀನಿ. ಬಲಗಡೇನ ಇಳಿದೀನಿ. ಅವ್ವನ ಹತ್ರ ನಿಂತೀನಿ, ಶೇಂಗಾ ತಿನ್ನಾಕ ಹತ್ತೀನಿ."

ನನಗೆ ಅಳು ಬಂತು. ಅವ್ವ ನಕ್ಕಳು, ಸೆರಗಿನಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು. "ನಾನೇಳಲಿಲ್ವಾ" ಅಂದಳು.

ಏನಾಯಿತು ಅನ್ನುವುದನ್ನು ಪೂರ್ತಿ ಕೇಳಿದ್ದು ರಾಯದುರ್ಗಕ್ಕೆ ಹಿಂದಿರುಗಿದ ಮೇಲೆ. ಬೆಳಗಿನ ರೈಲಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಚಹಾ ಅಂಗಡಿಯ ಮುಂದೆ ನಿಂತಿದ್ದೆವು. ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು.

"ಕಚೇರ್ಯಾಗ ಚಾರ್ಜಿಗೆ ಹಾಕಿದ್ದು ಸ್ವಿಚ್ ಒತ್ತಿದ್ದಿಲ್ಲ ಅನ್ಸತೈತಿ. ನಡುದಾರ್ಯಾಗ ಫೋನು ಸತ್ತು ಹೋತು. ಆತು ಬಿಡು, ಇನ್ನೇನು ಮನಿ ಬಂತು ಅಂತ ಸುಮ್ಮನ ಕುಂತೆ. ಸ್ಟೇಷನ್ ಹತ್ರ ಬಂದಾಗ ಎದ್ದು ಹೋಗಿ ಬಾಗಿಲದ ಸರಳು ಹಿಡಕೊಂಡು ನಿಂತೆ."

"ಯಾವ ಬಾಗಿಲು ಅಣ್ಣ?"

"ಎಡಗಡೀದ" ಅಂದರು ಸಹಜವಾಗಿ. "ಆಗ ನಿಮ್ಮ ದನಿ ಬಂತು ನೋಡ್ರಿ. ಮೊದಲು ಹಿಂದಿನ ಸೀಟಿಂದ. ನನ್ನ ಫೋನು ಸತ್ತೈತಿ, ನೀವು ಹೆಂಗ ಮಾತಾಡ್ತೀರಿ ಅಂತ ಗಾಬರಿ ಆತು. ಅದು ಮುಗಿಯೋದ್ರಾಗ ಈ ಕಡಿಂದ ಇನ್ನೊಂದು. ಆಮ್ಯಾಲ ಆ ಗಂಟು ತರೋ ಹೆಣಮಕ್ಕಳ ಕಡಿಂದ ಇನ್ನೊಂದು. ಒಬ್ಬರದು ಬಲಗಡೆ ಅನ್ನಾಕತ್ತಿತ್ತು, ಇನ್ನೊಬ್ಬರದು ಆಗ ಶುರು ಆಗಿತ್ತು. ಡಬ್ಬಿ ತುಂಬ ನೀವ. ಅವರು ಫೋನು ಹಿಡಕೊಂಡು, 'ಅಣ್ಣಾ, ಅಣ್ಣಾ, ಈ ಕಡಿ ಬರ್ರಿ' ಅಂತ ಒದರಾಕ ಹತ್ತಿದ್ರು. ನಾಕು ಮಂದಿ ನನ್ನ ಕೈ ಹಿಡದ್ರು. ಆ ಹೊತ್ತಿನ್ಯಾಗ ಯಾರು ಎಳದ್ರೂ ಬ್ಯಾಡ ಅನ್ನಲಿಲ್ಲ ನಾನು."

ಅವರು ಗ್ಲಾಸು ಕೆಳಗಿಟ್ಟು ಕೇಳಿದರು. "ಅದಿರಲಿ, ಆ ವಾಯ್ಸಿನ ಕಡೀಗೆ ಯಾರೋ ಹಾಡು ಹಾಡ್ತಿದ್ರಲ್ಲ, ಯಾರ ತೊಟ್ಟಿಲು ಅದು? ಹೆಣಮಕ್ಕಳು ಡಬ್ಬ್ಯಾಗ ಅದನ್ನ ಕೇಳಾಕ ಹತ್ತಿದ್ರು. ಗಂಡೋ, ಹೆಣ್ಣೋ ಅಂತ."

"ಹೆಣ್ಣು" ಅಂದೆ. ಇಬ್ಬರಿಗೂ ನಗು ಬಂತು.

ಎಂಜಿನಿಯರ್ ಈ ವಿಷಯವನ್ನು ಮತ್ತೆ ಎತ್ತಲಿಲ್ಲ. ಆದರೆ ಪ್ಲಾಟ್‌ಫಾರಂ ಬದಲಾಗುವ ದಿನಗಳಲ್ಲಿ ಹಿಂದಿನ ನಿಲ್ದಾಣದಲ್ಲೇ ರೈಲಿನವರಿಗೆ ತಿಳಿಸಿ ಡಬ್ಬಿಗಳಲ್ಲಿ ಹೇಳಿಸುವ ಏರ್ಪಾಡು ಮಾಡಿಸಿದ್ದು ಅವರೇ. ಹೊಸ ಪ್ಲಾಟ್‌ಫಾರಂ ಮೇಲೆ ಕಣ್ಣಿಲ್ಲದವರ ಕಾಲಿಗೆ ಸಿಗುವ ಉಬ್ಬು ಟೈಲುಗಳನ್ನು ಹಾಕುವ ದಿನ, "ನಮ್ಮ ಆಪರೇಟರ್ ಗಾರಿನ ಕರೀ" ಅಂದರು. ಅವರು ರಜೆ ಹಾಕಿ ಬಂದರು. ಆ ಕಡೆಯಿಂದ ಈ ಕಡೆವರೆಗೆ ನಡೆದರು. ನಾವಿಬ್ಬರೂ ಪರೀಕ್ಷೆ ಬರೆದ ಮಕ್ಕಳ ಹಾಗೆ ಹಿಂದೆ ಹಿಂದೆ ಹೋದೆವು. ಕೊನೆಗೆ ಹೋಗಿ ನಿಂತವರು ಕೋಲಿನಿಂದ ಏನನ್ನೋ ಕುಟ್ಟಿ, "ಎಲ್ಲಾ ಚಲೋ ಐತ್ರಿ. ಈ ಸಿಮೆಂಟ್ ಚೀಲ ಒಂದು ತೆಗಸ್ರಿ" ಅಂದರು. ಎಂಜಿನಿಯರ್ ತಾವೇ ಬಗ್ಗಿ ಆ ಚೀಲ ಎಳೆದು ಪಕ್ಕಕ್ಕೆ ಹಾಕಿದರು.

ನಿಲ್ದಾಣ ಮುಗಿಯಿತು. ತಗಡಿನ ಶೀಟುಗಳನ್ನು ಲಾರಿಗೆ ತುಂಬಿ ಕಳಿಸಿದರು. ದಾರಿ ಒಂದೇ ಜಾಗದಲ್ಲಿ ನಿಂತ ಮೇಲೆ ದಿನಾ ಹೇಳಲು ನನಗೇನೂ ಉಳಿಯಲಿಲ್ಲ. ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಆಮೇಲೆ ನೆನಪಾಗುತ್ತಿತ್ತು. ಗುಂಪನ್ನು ಮುಚ್ಚೋಣವೆಂದು ಕೇಳಿದಾಗ ಯಾರೂ ಒಪ್ಪಲಿಲ್ಲ. ರೈಲು ತಡವಾಗಿದೆಯೇ, ಗುಮ್ಮಘಟ್ಟಕ್ಕೆ ಆಟೋ ಇದೆಯೇ, ಮರೆತು ಬಿಟ್ಟ ಛತ್ರಿ ಯಾರದು ಅಂತ ಅದು ಈಗಲೂ ನಡೆಯುತ್ತಿದೆ. ಮುದುಕಿ ಹೊಸ ನಿಲ್ದಾಣದ ಗೇಟಿನ ಹೊರಗೆ ನೆರಳಿರುವ ಜಾಗ ಹಿಡಿದಿದ್ದಾಳೆ.

ಮೊನ್ನೆ ಆಪರೇಟರ್ ಅಣ್ಣ ಹೆಂಡತಿಯನ್ನು ಕರೆದುಕೊಂಡು ನನ್ನ ಜೊತೆ ನಮ್ಮ ತವರಿಗೆ ಬಂದಿದ್ದರು. ಅವ್ವ ಎಷ್ಟೋ ದಿನದಿಂದ ಕರೆಯುತ್ತಿದ್ದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನಕ್ಕೆ ತಲುಪಿದೆವು. ಆಗ ಅವ್ವ ಮನೆಯಲ್ಲಿ ಸಾಕುವ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ ಎದ್ದು, ಹಗಲೂ ರಾತ್ರಿ ಸೊಪ್ಪು ತಿನ್ನುವ ಹಂತ. ಊಟವಾದ ಮೇಲೆ ಅವ್ವ ಅವರ ಕೈಕಾಲು ತೊಳೆಸಿ ಹುಳುಮನೆಗೆ ಕರೆದುಕೊಂಡು ಹೋದಳು. ಹೊರಗಿನವರನ್ನು ಅವಳು ಒಳಗೆ ಬಿಡುವುದೇ ಅಪರೂಪ. ಒಳಗೆ ತಂಪು, ಹಸಿ ಸೊಪ್ಪಿನ ವಾಸನೆ. ಹುಳುಗಳು ಹಿಪ್ಪುನೇರಳೆ ಎಲೆ ಮೇಯುವ ಸದ್ದು, ಸೋಗೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ.

"ಏನ್ರಿ ಅವ್ವಾ ಇದು, ಮಳಿ ಬಂತೇನು?" ಅಂದರು.

"ಇಲ್ಲ ಕಣಪ್ಪ, ಊಟ ಮಾಡ್ತಾವ್ರೆ" ಅಂದಳು ಅವ್ವ. "ಕೈ ಇಕ್ಕಬ್ಯಾಡ. ಸುಮ್ನೆ ಕೇಳು."

ಅವರು ತಲೆ ಒಂದು ಬದಿಗೆ ವಾಲಿಸಿ ನಿಂತರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಕಾಫಿಗೆ ಕರೆದರು. ಬರುತ್ತೇನೆ ಅಂದರು, ಬರಲಿಲ್ಲ. ಅವ್ವ ಹೊಸ ಸೊಪ್ಪು ಹಾಕುತ್ತ ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದಳು. ನಾವು ಹೊರಗೆ ಜಗಲಿಯ ಮೇಲೆ ಕೂತು ಅವರಿಗಾಗಿ ಕಾದೆವು.